ತಪ್ಪು ಚಿತ್ರದ ಮೇಲೆ ಕೂತ ಚೀಟಿ

ಒಂದೇ ಕಡೆ ಕೂತಿರುವುದು ನನ್ನಿಂದ ಆಗುವುದಿಲ್ಲ. ಕೂತರೆ ಕಾಲು ಕುಣಿಯುತ್ತದೆ, ನಿಂತರೆ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತೇನೆ. ಇಂಥವಳಿಗೆ ಸಿಕ್ಕದ್ದು ದಿನವಿಡೀ ಕುರ್ಚಿಗೆ ಅಂಟಿಕೊಂಡಿರುವ ಕೆಲಸ. ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಮಗ್ಗದ ಬಿಡಿಭಾಗ ಮಾರುವ ಅಂಗಡಿಯ ಮಾಳಿಗೆ ಮೇಲೆ ನಮ್ಮ ಆಫೀಸು. ಎರಡು ಕೋಣೆ, ಮೂರು ಕಂಪ್ಯೂಟರು. ಸುತ್ತಲೂ ಶೆಡ್ಡುಗಳು, ಬೆಳಗಿನಿಂದ ಸಂಜೆಯವರೆಗೆ ಕಟಕಟ ಕಟಕಟ. ಅಪ್ಪ ಅಂಥದೇ ಒಂದು ಶೆಡ್ಡಿನಲ್ಲಿ ಮಗ್ಗ ನಡೆಸುತ್ತಾನೆ. ಅಥಣಿ ಕಡೆಯಿಂದ ಅವನು ಇಲ್ಲಿಗೆ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಹಾಗಾಗಿ ಆ ಸದ್ದು ನನಗೆ ಕೇಳಿಸುವುದೇ ಇಲ್ಲ. ಕರೆಂಟು ಹೋಗಿ ಅದು ನಿಂತಾಗ ಮಾತ್ರ ಏನೋ ಕಳೆದುಕೊಂಡವಳಂತೆ ಎದ್ದು ಕಿಟಕಿಗೆ ಹೋಗುತ್ತೇನೆ.

ನಾವು ಶೆಡ್ಡುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಬಟ್ಟೆ ತಪಾಸಣೆಯ ಪ್ರೋಗ್ರಾಂ. ನೇಯ್ದ ಬಟ್ಟೆ ಮೇಜಿನ ಮೇಲೆ ಸರಿದು ಬರುವಾಗ ತಪಾಸಣೆ ಮಾಡುವವರು ಅದರಲ್ಲಿ ದೋಷ ಹುಡುಕುತ್ತಾರೆ. ಎಲ್ಲಿ ಎಣ್ಣೆಯ ಕಲೆ ಬಿದ್ದಿದೆ, ಎಲ್ಲಿ ಅಡ್ಡ ಎಳೆ ತಪ್ಪಿದೆ, ಎಲ್ಲಿ ಗಂಟು ನಿಂತಿದೆ. ಕಂಡ ಕೂಡಲೇ ಪಕ್ಕದ ಕಂಪ್ಯೂಟರಿನಲ್ಲಿ ಆ ದೋಷದ ಚಿತ್ರ ಒತ್ತಬೇಕು. ಯಾವ ಮಗ್ಗದ ಬಟ್ಟೆ, ಯಾರು ನೇಯ್ದದ್ದು ಎನ್ನುವುದೆಲ್ಲ ಅದರ ಜೊತೆಗೇ ದಾಖಲಾಗುತ್ತದೆ. ಎಣ್ಣೆ ಬಿದ್ದರೆ ಅದು ಮಗ್ಗದ ರಿಪೇರಿ ನೋಡುವ ಜಾಬರನ ತಲೆಗೆ. ಎಳೆ ತಪ್ಪಿದರೆ ನೇಯುವವನ ತಲೆಗೆ.

ಚಿತ್ರಗಳನ್ನು ಬರೆದವಳು ನಾನೇ. ಉಗುರಿನಷ್ಟು ಗಾತ್ರ, ಎರಡು ಸಾಲು. ಮೌಸಿನ ಬಾಣವನ್ನು ಚಿತ್ರದ ಮೇಲೆ ತಂದು ಕೈ ತಡೆದರೆ ಅದರ ಹೆಸರು ಒಂದು ಹಳದಿ ಚೀಟಿಯಲ್ಲಿ ಮೂಡುತ್ತದೆ, ಸ್ವಲ್ಪ ಹೊತ್ತಿಗೆ ಅಳಿಸಿಹೋಗುತ್ತದೆ. ಅದಕ್ಕೆ ಟೂಲ್‌ಟಿಪ್ ಎನ್ನುತ್ತಾರೆ. ಯಾರೂ ತಲೆಕೆಡಿಸಿಕೊಳ್ಳದ ವಸ್ತು ಅದು. ನಾನೂ ಕೆಡಿಸಿಕೊಂಡಿರಲಿಲ್ಲ.

ಪಕ್ಕದ ಕೊರೋಚಿಯ ಒಂದು ಶೆಡ್ಡಿನಲ್ಲಿ ಅದನ್ನು ಮೊದಲು ಹಾಕಿದೆವು. ಅಲ್ಲಿ ತಪಾಸಣೆಗೆ ಕೂರುತ್ತಿದ್ದವಳು ಐವತ್ತರ ಹತ್ತಿರದ ಹೆಂಗಸು. ಬಟ್ಟೆಯ ಮೇಲೆ ಅಂಗೈ ಆಡಿಸಿದರೆ ಸಾಕು, ಕಣ್ಣು ಮುಚ್ಚಿ ಹೇಳಬಲ್ಲವಳು. ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಓದಿದ್ದಳು. ಮರಾಠಿ ಮಾತಾಡುತ್ತಿದ್ದಳು, ಓದಲು ಬಾರದು. ಅವಳಿಗಾಗಿ ಹೆಸರುಗಳನ್ನು ಕನ್ನಡದಲ್ಲಿ ಹಾಕಿದ್ದೆ. ಮೊದಲ ದಿನ ಅವಳು ಬಾಣವನ್ನು ಒಂದು ಚಿತ್ರದ ಮೇಲೆ ತಂದು, ಮೂಗು ಪರದೆಗೆ ತಾಗುವಷ್ಟು ಬಾಗಿ, ಅಕ್ಷರ ಅಕ್ಷರ ಕೂಡಿಸಿ ಓದಿದಳು.

"ತೈ... ಲ... ಕ... ಅಯ್ಯ, ಓಡಿ ಹೋತಲ್ಲ!"

"ತೈಲಕಲೆ ಅಕ್ಕಾ," ಎಂದೆ.

"ತೈಲ ಅಂದ್ರ ತಲಿಗೆ ಹಚ್ಚೂದೇನ?" ಎಂದು ನಕ್ಕಳು. "ಎಣ್ಣಿ ಡಾಗ ಅಂತ ಬರಿ. ಮತ್ತ ಅಕ್ಷರ ನೋಡ, ಸಾಸಿವಿ ಕಾಳ ಇದ್ದಂಗ ಅದಾವ. ನಾ ಒಂದ ಓದೂದ್ರಾಗ ಇನ್ನೊಂದ ಓಡಿಹೋಗತೈತಿ. ಇಷ್ಟ ಅವಸರ ಯಾಕ ಅದಕ್ಕ? ನಿನ್ನಂಗ ಐತಿ ನೋಡ ಅದೂ."

ನಾನು ಆಗಲೇ ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದೆ. ಮತ್ತೆ ಕೂತೆ.

ಆಫೀಸಿಗೆ ಬಂದು ಮೂರು ದಿನ ಆ ಚೀಟಿಯೊಂದನ್ನೇ ಹಿಡಿದೆ. ಹೆಸರುಗಳನ್ನೆಲ್ಲ ಅವಳ ಮಾತಿಗೆ ಬದಲಿಸಿದೆ. ತೈಲಕಲೆ ಹೋಗಿ ಎಣ್ಣಿ ಡಾಗ ಬಂತು, ಅಡ್ಡ ಎಳೆಯ ಲೋಪ ಹೋಗಿ ಹೊಕ್ಕ ತಪ್ಪಿದ್ದು ಬಂತು. ಅಕ್ಷರ ಎರಡು ಪಟ್ಟು ಮಾಡಿದೆ. ಐದು ಸೆಕೆಂಡಿಗೆ ಅಳಿಯುತ್ತಿದ್ದ ಚೀಟಿ ಇಪ್ಪತ್ತು ಸೆಕೆಂಡು ನಿಲ್ಲುವಂತೆ ಮಾಡಿದೆ. ಹಳದಿ ಬಣ್ಣ ತೆಗೆದು ತಿಳಿನೀಲಿ ಹಾಕಿದೆ, ಮೂಲೆಗಳನ್ನು ಗುಂಡಗೆ ಮಾಡಿದೆ, ಕೆಳಗೊಂದು ತೆಳು ನೆರಳು ಕೊಟ್ಟೆ. ದೊಡ್ಡ ಅಕ್ಷರವನ್ನು ಬಾಣ ಮುಚ್ಚುತ್ತಿತ್ತು. ಅದಕ್ಕೆ ಚೀಟಿಯನ್ನು ಇನ್ನಷ್ಟು ಕೆಳಗೆ ಸರಿಸಿದೆ. ನಮ್ಮ ಆಫೀಸಿನ ಅಗಲವಾದ ಪರದೆಯಲ್ಲಿ ಅದು ಎರಡು ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಚಂದಾಗಿ ಕೂತಿತು. ಹಿಂದೆ ಸರಿದು ನೋಡಿದೆ, ಮುಂದೆ ಬಾಗಿ ನೋಡಿದೆ. ಇಷ್ಟು ಸಣ್ಣ ಕೆಲಸದಲ್ಲಿ ಇಷ್ಟು ಖುಷಿ ಎಂದೂ ಸಿಕ್ಕಿರಲಿಲ್ಲ. ಕೊರೋಚಿಗೆ ಹೋಗದೆ ಕೂತಲ್ಲಿಂದಲೇ ಹೊಸದನ್ನು ಅವಳ ಕಂಪ್ಯೂಟರಿಗೆ ಕಳಿಸಿದೆ.

ಸಂಜೆ ಅವಳ ಫೋನು. "ಈಗ ಭಾಳ ಛಲೋ ಕಾಣತೈತಿ ತಂಗಿ. ನಿಂತಕೊಂಡ ಓದಿದ್ರೂ ಕಾಣತಾವ." ಆ ದಿನ ಅವ್ವನಿಗೆ ಅದನ್ನು ಮೂರು ಸಲ ಹೇಳಿರಬೇಕು.

ಮೂರನೇ ವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಶೆಡ್ಡಿನ ಮಾಲೀಕರಾದ ಶೇಠರ ಫೋನು ಬಂತು. ಕೂಡಲೇ ಬಾ ಎಂದರು. ಸ್ಕೂಟಿ ಹತ್ತಿ ಹೋದೆ. ತಪಾಸಣೆ ಕೋಣೆಯಲ್ಲಿ ಶೇಠರು ನಿಂತಿದ್ದರು. ಕೈಯಲ್ಲಿ ನನ್ನದೇ ಪ್ರೋಗ್ರಾಂ ಮುದ್ರಿಸಿಕೊಟ್ಟ ಗ್ರಾಫಿನ ಹಾಳೆ. ಅವರ ಎದುರಿಗೆ ಒಬ್ಬ ನೇಕಾರ, ಅಪ್ಪನ ವಯಸ್ಸಿನವನು, ತಲೆ ಮೇಲೆಲ್ಲ ಹತ್ತಿಯ ಧೂಳು. ಬಾಗಿಲ ಹೊರಗೆ ಏಳೆಂಟು ಜನ.

"ಹೇ ಬಘಾ ಮ್ಯಾಡಂ," ಎಂದು ಶೇಠರು ಹಾಳೆ ಚಾಚಿದರು. ಆ ನೇಕಾರನ ಹೆಸರಿನ ಮುಂದೆ 'ಹೊಕ್ಕ ತಪ್ಪಿದ್ದು' ಎನ್ನುವ ಕಂಬ ಹಾಳೆಯ ತುದಿಯವರೆಗೆ ಏರಿತ್ತು. ಉಳಿದವರದು ಬೆರಳಷ್ಟು. ಶೇಠರು ಮರಾಠಿಯಲ್ಲಿ ಹೇಳುತ್ತಿದ್ದದ್ದು ಇಷ್ಟು: ಇವನು ಮಗ್ಗದ ಮುಂದೆ ನಿಂತು ನಿದ್ದೆ ಮಾಡುತ್ತಾನೆ, ಇಂದಿನಿಂದ ಇವನಿಗೆ ಮಗ್ಗ ಇಲ್ಲ, ಬೇಕಾದರೆ ನೂಲಿನ ಚೀಲ ಹೊರಲಿ.

"ಇಪ್ಪತ್ತೆರಡ ವರ್ಷ ಮಗ್ಗ ನಡಸೇನ್ರಿ ನಾ," ಎಂದ ಅವನು. ದನಿ ಏರಿಸಲಿಲ್ಲ. "ಹೊಕ್ಕ ತಪ್ಪಿದ್ರ ನನ್ನ ಕಿವಿಗೆ ಮೊದಲ ಗೊತ್ತಾಗತೈತಿ. ನನ್ನ ಮಗ್ಗ ಎಣ್ಣಿ ಉಗುಳ್ತಾವ, ಜಾಬರಗ ಹತ್ತ ಸಲ ಹೇಳೇನಿ. ಬಟ್ಟಿ ತೋರಸ್ರಿ. ತಪ್ಪಿದ್ದು ಎಲ್ಲೈತಿ ತೋರಸ್ರಿ."

ಬಟ್ಟೆ ಎಲ್ಲಿತ್ತು? ಆಗಲೇ ಲಾರಿ ಹತ್ತಿ ಹೋಗಿತ್ತು.

"ನಾನೂ ಎಣ್ಣಿ ಡಾಗನ ಒತ್ತೇನ್ರಿ," ಎಂದಳು ತಪಾಸಣೆಯ ಅಕ್ಕ. ಮುಖ ಕೆಂಪಾಗಿತ್ತು. "ಓದಿ, ನೋಡಿ ಒತ್ತೇನಿ."

"ಹಂಗಾದ್ರ ಕಾಂಪ್ಯೂಟರ ಸುಳ್ಳ ಹೇಳತೈತೇನ?" ಎಂದು ಶೇಠರು ಈಗ ಕನ್ನಡದಲ್ಲೇ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಮೇಜಿಗೆ ಹೋಗಿ ಬಾಣವನ್ನು ಎಣ್ಣೆ ಹನಿಯ ಚಿತ್ರದ ಮೇಲೆ ಇಟ್ಟೆ. ಚೀಟಿ ಮೂಡಿತು. ಅಲ್ಲಿದ್ದದ್ದು ಹಳೆಯ ಚೌಕಾಕಾರದ ಸಣ್ಣ ಪರದೆ. ಸಾಲುಗಳು ಒತ್ತೊತ್ತಾಗಿದ್ದವು. ನಾನು ಕೆಳಗೆ ಸರಿಸಿದ್ದ ದೊಡ್ಡ ಚೀಟಿ ಕೆಳಗಿನ ಸಾಲಿನ ಚಿತ್ರದ ನೆತ್ತಿಗೆ ಸರಿಯಾಗಿ, ಅದರದೇ ಹೆಸರುಪಟ್ಟಿಯಂತೆ ಕೂತಿತ್ತು. ಕೆಳಗಿನ ಚಿತ್ರ ಹೊಕ್ಕು ತಪ್ಪಿದ್ದರದು. ಅಕ್ಕ 'ಎಣ್ಣಿ ಡಾಗ' ಎಂದು ಓದಿದ್ದಾಳೆ. ಆ ಅಕ್ಷರದ ಕೆಳಗೇ ಇದ್ದ ಚಿತ್ರಕ್ಕೆ ಬಾಣ ಇಳಿಸಿದ್ದಾಳೆ. ಅದರ ಸ್ವಂತ ಹೆಸರು ಮೂಡುವಷ್ಟು ತಡೆಯದೆ ಒತ್ತಿದ್ದಾಳೆ. ಮೂರು ವಾರ, ಪ್ರತಿ ಎಣ್ಣೆ ಕಲೆಗೂ.

ಎಲ್ಲ ಒಂದೇ ಗಳಿಗೆಯಲ್ಲಿ ತಿಳಿಯಿತು. ಬಾಯಿ ಮಾತ್ರ ಬೇರೆ ಹೇಳಿತು.

"ಸಾಫ್ಟ್‌ವೇರ್ ಬರೋಬ್ಬರಿ ಐತ್ರಿ," ಎಂದೆ.

ನೇಕಾರ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ, ಸುಮ್ಮನೆ ನೋಡಿದ. ಮೊಳೆಗೆ ತೂಗುಹಾಕಿದ್ದ ಅಂಗಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಬಾಗಿಲಲ್ಲಿದ್ದವರು ದಾರಿ ಬಿಟ್ಟರು. ಅವನ ಸೈಕಲ್ಲಿನ ಸ್ಟ್ಯಾಂಡು ಒದ್ದ ಸದ್ದು ಅಷ್ಟು ಮಗ್ಗಗಳ ನಡುವೆಯೂ ನನಗೆ ಕೇಳಿಸಿತು.

ಮಧ್ಯಾಹ್ನ ಆಫೀಸಿನಲ್ಲಿ ಹತ್ತು ನಿಮಿಷದ ಕೆಲಸ. ಚೀಟಿ ಚಿತ್ರದ ಕೆಳಗೆ ಮೂಡದೆ ಮೇಲೆ ಮೂಡುವಂತೆ ಮಾಡಿದೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಜಾಗ ಬಿಟ್ಟೆ. ಯಾರಿಗೂ ಹೇಳದೆ ಕೊರೋಚಿಗೆ ಕಳಿಸಿದೆ. ಸರಿಯಾಯಿತು ಎಂದುಕೊಂಡೆ. ಆದರೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನೀರು ಕುಡಿಯಲು ಎದ್ದೆ, ಕುಡಿಯದೆ ಬಂದೆ. ಕೆಳಗಿನ ಅಂಗಡಿಗೆ ಇಳಿದೆ, ಯಾಕೆ ಬಂದೆನೆಂದು ಮರೆತು ಮತ್ತೆ ಹತ್ತಿದೆ. ಮರುದಿನವೂ ಹಾಗೇ. ಮೂರನೆಯ ದಿನ ಕೋಡಿನಲ್ಲಿ ಒಂದು ಸಾಲು ಬರೆದು ಅಳಿಸಿ, ಬರೆದು ಅಳಿಸಿ ಹೊತ್ತು ಕಳೆದೆ.

ಅದೇ ವಾರ ಬೆಳಿಗ್ಗೆ ಅಪ್ಪ ಪಾಳಿ ಮುಗಿಸಿ ಬಂದು ರೊಟ್ಟಿಗೆ ಕೂತವನು ಅವ್ವನಿಗೆ ಹೇಳಿದ: "ಕೊರೋಚ್ಯಾಗ ಒಬ್ಬವ ಮಗ್ಗದ ಮುಂದ ನಿದ್ದಿ ಮಾಡತಿದ್ನಂತ. ಬಟ್ಟಿ ತುಂಬ ಹೊಕ್ಕ ತಪ್ಪಿತ್ತಂತ. ಬಿಟ್ಟ ಹೋಗ್ಯಾನ."

ಮಾತು ಶೆಡ್ಡಿನಿಂದ ಶೆಡ್ಡಿಗೆ ಹಬ್ಬಿ ನಮ್ಮ ಅಡಿಗೆಮನೆಗೇ ಬಂದಿತ್ತು. ನಾನು ತಟ್ಟೆ ಸರಿಸಿ ಎದ್ದೆ. "ರೊಟ್ಟಿ ಬಿಟ್ಟೆಲ್ಲ," ಎಂದಳು ಅವ್ವ. ಹೊತ್ತಾಯಿತು ಎಂದೆ. ಹೊತ್ತೇನೂ ಆಗಿರಲಿಲ್ಲ.

ಆಫೀಸು ತಲುಪುವ ಮೊದಲೇ ಅಕ್ಕನ ಫೋನು. ಗಾಡಿ ಬದಿಗೆ ನಿಲ್ಲಿಸಿದೆ.

"ಚೀಟಿ ಮ್ಯಾಲ ಏರೇತಲ್ಲ ತಂಗಿ. ಯಾವಾಗ ಮಾಡಿದಿ?"

"ಅವತ್ತ ಮಧ್ಯಾಹ್ನ."

"ಬದಲಿ ಮಾಡಿದಿ ಅಂದ್ರ ಮೊದಲ ತಪ್ಪಿತ್ತ ಅಂದಂಗಾತಲ್ಲ?"

ನಾನು ಸ್ಕೂಟಿಯ ಬ್ರೇಕು ಒತ್ತಿ ಒತ್ತಿ ಬಿಡುತ್ತಿದ್ದೆ.

"ಮೂರ ವಾರ ನಾ ಅವನ ಹೆಸರಿಗೆ ಒತ್ತೇನಿ. ಮಂದಿ ನನ್ನ ಕಣ್ಣ ಹೋಗ್ಯಾವ ಅಂತಾರ. ನೀ ಅಲ್ಲೇ ನಿಂತ ಬರೋಬ್ಬರಿ ಐತಿ ಅಂದಿ. ಶೇಠಗ ಹೇಳ, ಇಲ್ಲಾಂದ್ರ ನಾ ಹೇಳತೇನಿ. ನಾ ಹೇಳಿದ್ರ ಚಂದ ಕಾಣಂಗಿಲ್ಲ."

ನಮ್ಮ ಸಂಸ್ಥೆಯ ಸರ್ ಇರುವುದು ಕೊಲ್ಹಾಪುರದಲ್ಲಿ. ಸೋಮವಾರ ಅಲ್ಲಿಗೆ ಹೋದವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪರದೆಯಿಂದ ಕಣ್ಣು ತೆಗೆಯದೆ, "ಆತಾ ನೀಟ ಝಾಲಂ ನಾ? ಮಗ ಸೋಡ," ಎಂದರು. ಈಗ ಸರಿಯಾಗಿದೆಯಲ್ಲ, ಬಿಟ್ಟುಬಿಡು. ಶೇಠರಿಗೆ ಹೇಳಿದರೆ ಇನ್ನು ಯಾವ ಹಾಳೆಯನ್ನೂ ಅವರು ನಂಬುವುದಿಲ್ಲ ಎಂದರು. ಹೊರಗೆ ಬಂದು ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಎರಡು ಇಚಲಕರಂಜಿ ಬಸ್ಸು ಬಿಟ್ಟೆ. ಮೂರನೆಯದಕ್ಕೆ ಹತ್ತಿ, ಊರು ತಲುಪಿದವಳು ಆಫೀಸಿಗೆ ಹೋಗದೆ ಸ್ಕೂಟಿ ತೆಗೆದುಕೊಂಡು ನೇರ ಕೊರೋಚಿಗೆ ಹೋದೆ.

ಶೇಠರು ಕೇಳಿಸಿಕೊಂಡರು. ನಾನು ಹೆದರಿದಷ್ಟು ಏನೂ ಆಗಲಿಲ್ಲ, ಅದೇ ನನಗೆ ಕೆಟ್ಟದೆನಿಸಿತು. ಜನ ಬರುತ್ತಾರೆ, ಹೋಗುತ್ತಾರೆ. ಅವನ ಮಗ್ಗಗಳಿಗೆ ಬೇರೆಯವನನ್ನು ಹಚ್ಚಿಯಾಗಿದೆ. ಬಂದರೆ ಬರಲಿ, ನೋಡೋಣ ಎಂದರು. ಇಷ್ಟೇ. ಅವನು ಎಲ್ಲಿದ್ದಾನೆ ಎಂದು ಅಕ್ಕನನ್ನು ಕೇಳಿದೆ. ಗಡಹಿಂಗ್ಲಜದ ಹತ್ತಿರ ತನ್ನ ಅಕ್ಕನ ಮನೆಗೆ ಹೋಗಿದ್ದಾನೆಂದು ಹೇಳಿ, ಊರಿನ ಗುರುತು, ಮನೆಯ ಗುರುತು ಕೊಟ್ಟಳು.

ಭಾನುವಾರ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನಿಪ್ಪಾಣಿ ಮೇಲೆ ಹಾಯ್ದು ಗಡಹಿಂಗ್ಲಜಕ್ಕೆ ಹೋದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಒಳಗೇ ಹೇಳಿ ನೋಡುತ್ತಿದ್ದೆ. ಪ್ರತಿ ಸಲವೂ ಅದು ಬೇರೆಯೇ ಆಗಿ ಬರುತ್ತಿತ್ತು. ಅಲ್ಲಿಂದ ಜನ ತುಂಬಿಕೊಂಡು ಹೋಗುವ ವಡಾಪ್ ಜೀಪಿನಲ್ಲಿ ಹಳ್ಳಿಗೆ. ಮನೆಯ ಮುಂದಿನ ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರವಿದ್ದರು. ಅವನು ತಲೆಗೆ ಟವೆಲ್ ಸುತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು ಬಿಳಿಚಿದ ಕಾಯಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದ. ನನ್ನನ್ನು ಕಂಡರೂ ಅವನ ಕೈ ನಿಲ್ಲಲಿಲ್ಲ.

"ಕಾಕಾ, ನಾ ಆ ಕಾಂಪ್ಯೂಟರದಾಕಿ," ಎಂದೆ. ಘಾಟಿಗೆ ಸೀನು ಬಂತು. ಮತ್ತೊಂದು, ಮತ್ತೊಂದು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಸೀನಿನಲ್ಲಿ ಹೋಯಿತು.

ಅವನ ಅಕ್ಕ ಹೊರಗೆ ಬಂದು, "ಒಳಗ ಬಾ ಯವ್ವಾ, ಅಲ್ಲಿ ಕುಂಡ್ರಬ್ಯಾಡ," ಎಂದು ಪಡಸಾಲೆಯಲ್ಲಿ ಚಾಪೆ ಹಾಸಿದಳು. ಅವನು ಕೈ ತೊಳೆದು ಬಂದು ಕಂಬಕ್ಕೆ ಒರಗಿದ. ನಾನು ಲ್ಯಾಪ್‌ಟಾಪು ತೆರೆದು, ಪರದೆಯನ್ನು ಕೊರೋಚಿಯದರಷ್ಟು ಸಣ್ಣದು ಮಾಡಿ, ಹಳೆಯ ಚೀಟಿ ಹೇಗೆ ಮೂಡುತ್ತಿತ್ತೆಂದು ತೋರಿಸಿದೆ. ಮೂರು ಸಲ ತೋರಿಸಿದೆ. ಅವನು ತಾನೇ ಬೆರಳಿಟ್ಟು ನೋಡುತ್ತೇನೆಂದ. ಅವನ ಬೆರಳು ಕೀಲಿಗಳ ಕೆಳಗಿನ ಟಚ್‌ಪ್ಯಾಡಿನ ಮೇಲೆ ಸಣ್ಣಗೆ ಆಡುತ್ತಲೇ ಇತ್ತು, ಬಾಣವೂ ಆಡುತ್ತಲೇ ಇತ್ತು. ಚೀಟಿ ಮೂಡಲಿಲ್ಲ.

"ಯಾಕ ಬರವಲ್ದು?"

"ಕೈ ತಡೀಬೇಕ ಕಾಕಾ. ಅರ್ಧ ಸೆಕೆಂಡ ಅಲ್ಲಾಡಬಾರ್ದು."

"ಕೈ ನಿಂತ್ರ ಅಷ್ಟ ಹೇಳತೈತೇನ ಇದು?" ಎಂದು ಬೆರಳು ತೆಗೆದ. "ಶೆಡ್ಡಿನಾಗ ಕೈ ನಿಂತವರನ್ನ ನೋಡೀಯೇನ ನೀ?"

ನಮ್ಮಪ್ಪನೂ ಮಗ್ಗ ನಡೆಸುತ್ತಾನೆ ಎಂದೆ. ಯಾಕೆ ಹೇಳಿದೆನೋ, ಕನಿಕರ ಬೇಕಿತ್ತೇನೋ. ಅವನು ತಲೆಯೆತ್ತಿದ.

"ಹಂಗಾದ್ರ ನಿನಗ ಗೊತ್ತಿರಬೇಕಲ್ಲ, ನಿದ್ದಿ ಮಾಡತಾನ ಅಂದ್ರ ಏನ ಅಂತ. ಅವತ್ತ ಪರದೆ ನೋಡಿದಿ ನೀ. ಆವಾಗ ಗೊತ್ತಾಗಿತ್ತೋ ಇಲ್ಲೋ?"

"ಗೊತ್ತಾಗಿತ್ತು," ಎಂದೆ.

ಅವನ ಅಕ್ಕ ಚಹಾ ತಂದಿಟ್ಟಳು. ಯಾರೂ ಕಪ್ಪು ಎತ್ತಲಿಲ್ಲ.

"ನೀ ಇಷ್ಟ ದೂರ ಬಂದಿ, ಛಲೋ ಆತು," ಎಂದ ಕೊನೆಗೆ. "ಆದ್ರ ನನ್ನ ಮುಂದ ಹೇಳಿ ಏನ ಉಪಯೋಗ? ನಾ ನಿದ್ದಿ ಮಾಡಿಲ್ಲ ಅನ್ನೂದು ನನಗ ಗೊತ್ತೈತಿ. ಬಾಗಿಲದಾಗ ನಿಂತಿದ್ರಲ್ಲ, ಅವರ ಮುಂದ ಹೇಳಬೇಕ. ಹೇಳತೀ ಏನ?"

ಹೇಳುತ್ತೇನೆ ಎಂದೆ. ಅವನು ನಂಬಿದಂತೆ ಕಾಣಲಿಲ್ಲ. ಚಹಾ ಕುಡಿ, ಆರಿತು ಎಂದು ಎದ್ದು ಮತ್ತೆ ಮೆಣಸಿನಕಾಯಿಗೆ ಹೋದ.

ಎರಡು ದಿನ ಬಿಟ್ಟು, ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಕೊರೋಚಿಯಲ್ಲಿದ್ದೆ. ಶೇಠರನ್ನು ಕೇಳಲಿಲ್ಲ, ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಬರುವವರು ಸೈಕಲ್ಲು ನಿಲ್ಲಿಸುತ್ತಿದ್ದರು, ಹೋಗುವವರು ಮುಖ ತೊಳೆಯುತ್ತಿದ್ದರು. ಅಕ್ಕ ನನ್ನ ಪಕ್ಕಕ್ಕೆ ಬಂದು ನಿಂತು, "ನಿಲ್ಲರ್ಯೋ ಒಂದೀಟ! ಇಕಿ ಏನೋ ಹೇಳತಾಳ," ಎಂದು ಕೂಗಿದಳು. ನನ್ನ ಮೊದಲ ಮಾತು ಮಗ್ಗಗಳ ಸದ್ದಿನಲ್ಲಿ ಮುಳುಗಿತು. ಕೇಳವಲ್ದು ಎಂದು ಯಾರೋ ಹಿಂದಿನಿಂದ ಅಂದರು. ಆಗ ಜೋರಾಗಿ ಹೇಳಿದೆ: ಆ ಕಾಕಾನ ಬಟ್ಟೆಯಲ್ಲಿ ಹೊಕ್ಕು ತಪ್ಪಿರಲಿಲ್ಲ, ಎಣ್ಣೆ ಕಲೆ ಇತ್ತು. ನಾನು ಮಾಡಿದ ಚೀಟಿ ತಪ್ಪು ಚಿತ್ರದ ಮೇಲೆ ಕೂತಿತ್ತು, ಅಕ್ಕ ಓದಿದ್ದು ಸರಿ, ಹೆಸರು ಮೂಡಿದ ಜಾಗ ತಪ್ಪು. ಅವತ್ತೇ ನನಗೆ ತಿಳಿದಿತ್ತು, ಹೆದರಿ ಹೇಳಲಿಲ್ಲ.

ಒಬ್ಬ ನಕ್ಕ. ಇನ್ನೊಬ್ಬ, "ಹಂಗಾದ್ರ ನಂದೂ ತಪ್ಪ ಬಂದಿರಬೇಕಲ್ಲ, ತೆಗದ ತೋರಸ್ರಿ," ಎಂದ. ಅವನ ಹಿಂದೆ ಮತ್ತೆ ನಾಲ್ಕು ಜನ. ಜಾಬರ ಯಾರನ್ನೂ ನೋಡದೆ ಒಳಗೆ ಹೋದ. ಗದ್ದಲ ಕೇಳಿ ಶೇಠರು ಬಂದಾಗ ನಾನು ತಪಾಸಣೆ ಕೋಣೆಯಲ್ಲಿ ಎಂಟು ಜನರ ನಡುವೆ ಕೂತು ಒಬ್ಬೊಬ್ಬರ ದಾಖಲೆ ತೆಗೆದು ತೋರಿಸುತ್ತಿದ್ದೆ.

ಮಧ್ಯಾಹ್ನದೊಳಗೆ ಸರ್ ಫೋನು ಮಾಡಿದರು. ಅವರು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಕೊರೋಚಿಯ ಕೆಲಸ ನನ್ನ ಕೈಯಿಂದ ಹೋಯಿತು. ಹೋಗುವ ಮೊದಲು ಒಂದು ಬದಲಾವಣೆ ಮಾಡಿದೆ. ಪ್ರತಿ ಚಿತ್ರದ ಕೆಳಗೆ, ಅದರ ಚೌಕಟ್ಟಿನ ಒಳಗೇ, ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ. ಕೈ ತಡೆಯಬೇಕಾಗಿಲ್ಲ, ಕಾಯಬೇಕಾಗಿಲ್ಲ. ನೆರಳು, ಗುಂಡು ಮೂಲೆ, ತಿಳಿನೀಲಿ ಎಲ್ಲ ತೆಗೆದುಹಾಕಿದೆ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ.

ಕಾಕಾ ಆ ಶೆಡ್ಡಿಗೆ ಮರಳಲಿಲ್ಲ. ಮಳೆಗಾಲದ ಹೊತ್ತಿಗೆ ಇಚಲಕರಂಜಿಯ ಬೇರೊಂದು ಶೆಡ್ಡಿಗೆ ಸೇರಿದ್ದಾನೆಂದು ಅಪ್ಪನೇ ಬಂದು ಹೇಳಿದ. ನಡೆದದ್ದನ್ನೆಲ್ಲ ಅಷ್ಟರಲ್ಲಿ ಅಪ್ಪನಿಗೆ ನಾನೇ ಹೇಳಿದ್ದೆ. ಅವನು "ಮೊದಲನೇ ದಿನ ಹೇಳಬೇಕಾಗಿತ್ತ," ಎಂದಿದ್ದ, ಅಷ್ಟೇ.

ಒಮ್ಮೆ ಗುರುವಾರ ಆಫೀಸಿನ ಕೆಳಗಿನ ಅಂಗಡಿಗೆ ಮಗ್ಗದ ಚರ್ಮದ ಪಟ್ಟಿ ಕೊಳ್ಳಲು ಅವನು ಬಂದಿದ್ದ. ನಾನು ಮೆಟ್ಟಿಲಿಳಿಯುತ್ತಿದ್ದೆ. ಇಬ್ಬರೂ ನಿಂತೆವು.

"ಅವರ ಮುಂದ ಹೇಳಿದ್ಯಂತಲ್ಲ," ಎಂದ.

"ಹೌದ್ರಿ ಕಾಕಾ."

"ಮಂದಿ ಬಂದ ಹೇಳಿದ್ರು." ಪಟ್ಟಿಯನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಇದು ಸಡಿಲ ಐತಿ, ಬೇರೆದು ಕೊಡು ಎಂದು ಅಂಗಡಿಯವನಿಗೆ ಹಿಂದಕ್ಕೆ ಕೊಟ್ಟ. ನನ್ನಲ್ಲಿ ಗಡಹಿಂಗ್ಲಜದಲ್ಲಿ ಹೇಳಲಾಗದ ಕ್ಷಮೆಯ ಮಾತು ಒಂದಿಷ್ಟು ಉಳಿದಿತ್ತು. ಅಂಗಡಿಯವನು ಹೊಸ ಪಟ್ಟಿ ತಂದ. ಕಾಕಾ ಅದನ್ನು ಬಗ್ಗಿಸಿ ನೋಡುತ್ತ ನನ್ನ ಕಡೆ ತಿರುಗದೆ, "ಹೋಗು, ನಿನಗ ಹೊತ್ತಾಗಿರಬೇಕು," ಎಂದ. ನಾನು ರಸ್ತೆಗೆ ಇಳಿದೆ.